ಪರದೆಯ ಪಕ್ಕ ನಿಂತವಳು

ನಮ್ಮತ್ತೆ ಪ್ಯೊ ಬೊಕ್‌ಸಿಮ್ ಅವರಿಗೆ ಈಗ ಎಂಬತ್ತೇಳು ವರ್ಷ. ಕೊರಿಯಾದ ದಕ್ಷಿಣಕ್ಕಿರುವ ಗುರ್ಯೆ ಊರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹೊಳೆಯ ಬಸವನಹುಳುವಿನ ಸಾರು ಮಾಡುವ ಸಣ್ಣ ಹೋಟೆಲು ನಮ್ಮದು. ಬಂದವರು ಸಾರಿನ ರುಚಿ ನೋಡುವುದಕ್ಕೆ ಮುಂಚೆ ಅತ್ತೆಯ ಮಾತಿಗೆ ಸಿಕ್ಕಿಬೀಳುತ್ತಾರೆ. "ಹಸಿಮೆಣಸಿನಕಾಯಿ ಸಾಕಾ, ಇನ್ನೆರಡು ಹಾಕ್ಲಾ?" ಅಂತ ಅವರು ಕೇಳಿದರೆ, ಏನೋ ದೊಡ್ಡ ಗುಟ್ಟು ತಮಗೊಬ್ಬರಿಗೇ ಹೇಳಿದರು ಅನ್ನುವ ಹಾಗೆ ಗಿರಾಕಿಗಳು ತಲೆ ಎತ್ತಿ ನೋಡುತ್ತಾರೆ. ನಾನು ಸೊಸೆಯಾಗಿ ಬಂದ ಮೊದಲ ವಾರ ಅವರು ಬೆಳ್ಳುಳ್ಳಿ ಸುಲಿಯುತ್ತಾ ಕಥೆ ಹೇಳುವುದು ಕೇಳಿ, ಒಲೆಯ ಮೇಲಿದ್ದ ಅನ್ನ ಸೀದುಹೋಗಿತ್ತು. ಬೈಯಲಿಲ್ಲ. "ನನ್ನ ಕಥೆಗೆ ಸೀದ ಮೊದಲನೇ ಅನ್ನ ಅಲ್ಲ ಬಿಡು," ಅಂದಿದ್ದರು.

ಆ ಮಾತಿನ ಹಿಂದೆ ಏಳು ವರ್ಷದ ಹಾಡು ಇತ್ತು. ಬಿದಿರಿನ ಮೊರ ಹೆಣೆಯುತ್ತಿದ್ದ ಅವರಪ್ಪ, ಮಗಳ ಗಂಟಲು ಚೆನ್ನಾಗಿದೆ ಅಂತ ಹನ್ನೊಂದನೇ ವಯಸ್ಸಿಗೆ ಬಾಂಗ್ ಗುರುಗಳ ಮನೆಗೆ ಬಿಟ್ಟು ಬಂದ. ಬಾಂಗ್ ಗುರುಗಳು ಹೆಂಗಸು. ಉದ್ದನೆಯ ಚಿಲುಮೆ ಸೇದುವವರು, ನಗುವುದು ಗೊತ್ತಿಲ್ಲದವರು. ಜಿರಿಸಾನ್ ಬೆಟ್ಟದ ಬುಡದಲ್ಲಿ ಅವರ ಮನೆ. ಅಲ್ಲಿ ಹುಡುಗಿಯರಿಗೆ ಪನ್ಸೋರಿ ಹೇಳಿಕೊಡುತ್ತಿದ್ದರು. ಚಾಪೆಯ ಮೇಲೆ ಒಬ್ಬಳೇ ನಿಂತು, ಕೈಯಲ್ಲಿ ಒಂದು ಬೀಸಣಿಗೆ, ಪಕ್ಕದಲ್ಲಿ ಒಬ್ಬ ಡೋಲಿನವ, ಅಷ್ಟರಲ್ಲೇ ಅರ್ಧ ದಿನದ ಕಥೆ ನಡೆಸಬೇಕು. ಸ್ವಲ್ಪ ಹಾಡು, ಸ್ವಲ್ಪ ಮಾತು. ರಾಜನೂ ಅವಳೇ, ಕಳ್ಳನೂ ಅವಳೇ, ಕಳ್ಳನ ಹೆಂಡತಿಯೂ ಅವಳೇ. ಕೇಳುವವರು ಸುಮ್ಮನೆ ಕೂರುವ ಹಾಗಿಲ್ಲ, ಒಳ್ಳೆಯ ಜಾಗ ಬಂದಾಗ "ಭಲೇ!" "ಶಹಬ್ಬಾಸ್!" ಅಂತ ಕೂಗಬೇಕು.

ಹದಿನೇಳರಲ್ಲಿ ಅತ್ತೆಯ ಮೇಲಿನ ಸ್ವರ ಒಡೆಯಿತು. ಆರು ತಿಂಗಳು ಜೇನುತುಪ್ಪ, ಮೂಲಂಗಿ ರಸ, ಮೌನ, ಎಲ್ಲ ಆಯಿತು. ಸ್ವರ ವಾಪಸ್ ಬರಲಿಲ್ಲ. ಗುರುಗಳು ಒಂದು ಬೆಳಿಗ್ಗೆ ಕರೆದು ಕೂರಿಸಿಕೊಂಡರು.

"ಬೊಕ್‌ಸಿಮ್, ಅದು ಇನ್ನು ಬರಲ್ಲ. ಮನೆಗೆ ಹೋಗು. ಮದುವೆ ಆಗು."

"ಕೆಳಗಿನ ಸ್ವರದಲ್ಲೇ ಹಾಡ್ತೀನಿ ಗುರುಗಳೇ."

"ಅರ್ಧ ಬೆಟ್ಟ ಹತ್ತಿ ಬೆಟ್ಟ ಹತ್ತಿದೆ ಅಂತೀಯಾ? ಮಾತಿನ ಭಾಗ ನಿನ್ನಷ್ಟು ಚೆನ್ನಾಗಿ ಹೇಳೋಳು ನನ್ನ ಹತ್ರ ಯಾವತ್ತೂ ಬಂದಿಲ್ಲ, ಅದು ನಿಜ. ಆದ್ರೆ ಬರೀ ಮಾತು ಕೇಳೋಕೆ ಯಾರು ಬರ್ತಾರೆ?"

ಅತ್ತೆ ಮನೆಗೆ ಬಂದು ಅಪ್ಪನ ಜೊತೆ ಮೊರ ಹೆಣೆಯಲು ಕೂತರು.

ಯುದ್ಧ ನಿಂತು ಮೂರು ವರ್ಷವಾಗಿತ್ತು. ಆ ಚಳಿಗಾಲದ ಮೊದಲಲ್ಲಿ, ಭತ್ತದ ಕೊಯ್ಲು ಮುಗಿದ ಮೇಲೆ, ಊರಿಗೆ ಒಂದು ಹಳೇ ಮಿಲಿಟರಿ ಲಾರಿ ಬಂತು. ಸಂಚಾರಿ ಸಿನಿಮಾ. ಶಾಲೆಯ ಅಂಗಳದಲ್ಲಿ ಎರಡು ಕಂಬ ನೆಟ್ಟು ಬಿಳಿ ಬಟ್ಟೆ ಕಟ್ಟಿದರು. ಕಾಸಿದ್ದವರು ಕಾಸು ಕೊಟ್ಟರು, ಇಲ್ಲದವರು ಒಂದು ಸೋರೆಬುರುಡೆ ತುಂಬ ಬಾರ್ಲಿ ತಂದರು. ಸೋಲ್ ನಗರದಲ್ಲಿ ಆಗಲೇ ಮಾತನಾಡುವ ಚಿತ್ರಗಳಿದ್ದವು. ನಮ್ಮ ಕಡೆ ಹಳ್ಳಿಗಳಿಗೆ ಬರುತ್ತಿದ್ದದ್ದು ಇನ್ನೂ ಮೂಕಚಿತ್ರಗಳೇ. ಪರದೆಯ ಪಕ್ಕ ಒಬ್ಬ ನಿಂತು ಇಡೀ ಕಥೆ ಹೇಳುತ್ತಿದ್ದ. ಅವನನ್ನು ಬ್ಯೊನ್ಸಾ ಅನ್ನುತ್ತಿದ್ದರು. ಜನ ಯಾವ ಚಿತ್ರ ಅಂತ ಕೇಳುವುದಕ್ಕೆ ಮೊದಲು ಯಾವ ಬ್ಯೊನ್ಸಾ ಅಂತ ಕೇಳುತ್ತಿದ್ದ ಕಾಲ ಅದು.

ಈ ಲಾರಿಯ ಬ್ಯೊನ್ಸಾ ಯೊಮ್ ಮೇಷ್ಟ್ರು. ಅರವತ್ತು ದಾಟಿದವರು, ಮಾಸಿದ ಕರೀ ಕೋಟು, ಮುಂದಿನ ಎರಡು ಹಲ್ಲಿಲ್ಲ. ಗಂಡಸರ ಜಗಳ, ಕುದುರೆ ಓಟ, ಮಳೆ, ಗುಡುಗು ಎಲ್ಲ ಅವರ ಬಾಯಲ್ಲಿ ಭರ್ಜರಿ. ಆದರೆ ನಾಯಕಿ ಅಳುವ ಜಾಗ ಬಂದಾಗ ಕೀರಲು ದನಿಯಲ್ಲಿ "ಅಯ್ಯಯ್ಯೋ ನನ್ನ ಹಣೆಬರಹವೇ" ಅಂತ ಎಳೆದರು. ಎರಡನೇ ಸಾಲಿನಲ್ಲಿ ಕೂತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಹೆಂಗಸರು ಹಾಗೆ ಅಳಲ್ಲ ಮೇಷ್ಟ್ರೇ!"

ಅಂಗಳವೆಲ್ಲ ನಕ್ಕಿತು. ಮೇಷ್ಟ್ರು ಕೈಯೆತ್ತಿದರು. ಯಂತ್ರ ನಿಂತಿತು, ದೀಪ ಹತ್ತಿತು.

"ಯಾರಮ್ಮ ಅದು?"

"ನಾನು."

"ಹಂಗಾದ್ರೆ ನೀನೇ ಬಂದು ಅಳು. ನಾನು ಹೆಂಡ ಕುಡಿದು ಬರ್ತೀನಿ."

ಅವಮಾನ ಮಾಡುವುದಕ್ಕೆ ಹೇಳಿದ ಮಾತು. ಅತ್ತೆ ಎದ್ದು, ಚಪ್ಪಲಿ ಬಿಟ್ಟು, ಪರದೆಯ ಪಕ್ಕಕ್ಕೆ ಹೋಗಿ ನಿಂತೇಬಿಟ್ಟರು. ಕೈಯಲ್ಲಿ ಬೀಸಣಿಗೆ ಇಲ್ಲವಲ್ಲ, ಯಾರದ್ದೋ ಟೋಪಿ ಇಸಿದುಕೊಂಡರು. ದೀಪ ಆರಿತು. ನಾಯಕಿ ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಅತ್ತೆ ಅಳಲಿಲ್ಲ. ತಗ್ಗಿದ ದನಿಯಲ್ಲಿ, ಕೊಡ ತೊಳೆಯುವವಳು ತನಗೆ ತಾನೇ ಮಾತಾಡುವ ಹಾಗೆ ಶುರುಮಾಡಿದರು. "ಬೆಳಿಗ್ಗೆ ಎದ್ದಾಗ ಎರಡು ಬಟ್ಟಲು ತೆಗೆದಿಟ್ಟೆ. ಒಂದೇ ಸಾಕು ಅನ್ನೋದು ಮರೆತೇ ಹೋಗಿತ್ತು..." ಅಷ್ಟೇ. ಹಿಂದಿನ ಸಾಲುಗಳಲ್ಲಿ ಮೂಗು ಸೀಟುವ ಸದ್ದು. ಒಬ್ಬ ಮುದುಕ, ಡೋಲಿನ ಮುಂದೆ ಕೂತವನ ಹಾಗೆ, "ಭಲೇ!" ಅಂತ ಕೂಗಿದ. ಅದಾದ ಮೇಲೆ ಎಲ್ಲರೂ ಕೂಗಿದರು.

ಯೊಮ್ ಮೇಷ್ಟ್ರು ಹೆಂಡ ಕುಡಿಯಲು ಹೋಗಿರಲಿಲ್ಲ. ಲಾರಿಯ ಹಿಂದೆ ನಿಂತು ಕೇಳುತ್ತಿದ್ದರು. ಚಿತ್ರ ಮುಗಿದ ಮೇಲೆ ಹತ್ತಿರ ಬಂದು ಕೇಳಿದರು. "ಯಾರ ಹತ್ರ ಕಲಿತೆ?"

"ಬಾಂಗ್ ಗುರುಗಳ ಹತ್ರ."

"ಅದಕ್ಕೇ. ಉಸಿರು ಎಲ್ಲಿ ಬಿಡಬೇಕು ಅಂತ ಗೊತ್ತಿದೆ ನಿಂಗೆ. ನೋಡಮ್ಮ, ನಾವು ಬ್ಯೊನ್ಸಾಗಳು ಆಕಾಶದಿಂದ ಬಿದ್ದೋರಲ್ಲ. ಚಾಪೆ ಮೇಲೆ ಒಬ್ಬನೇ ನಿಂತು ನೂರು ಜನ ಆಗೋದನ್ನ ನೋಡಿ ಬೆಳೆದೋರು. ಬೀಸಣಿಗೆ ಹೋಯ್ತು, ಬಟ್ಟೆ ಬಂತು, ಅಷ್ಟೇ. ಹೆಂಗಸರ ಮಾತೆಲ್ಲ ನೀನು ಹೇಳು. ಬರ್ತೀಯಾ?"

ಅಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಒಂದು ಹೊಸ ಬಿದಿರಿನ ಪೆಟ್ಟಿಗೆ ಹೆಣೆದು ಬಟ್ಟೆ ತುಂಬಿಕೋ ಅಂದ. ಗುರುಗಳಿಗೆ ಸುದ್ದಿ ಮುಟ್ಟಿತು. ಅತ್ತೆ ಹೊರಡುವ ಮುಂಚೆ ಅವರಿಗೆ ಒಂದು ಬುಟ್ಟಿ ಒಣಗಿಸಿದ ಪರ್ಸಿಮನ್ ಹಣ್ಣು ಕಳಿಸಿದ್ದರು. ಬುಟ್ಟಿ ಬಿಚ್ಚದೇ ವಾಪಸ್ ಬಂತು. ಜೊತೆಗೆ ಒಂದು ಮಾತು: "ಬಟ್ಟೆ ಮೇಲಿನ ನೆರಳಿಗೆ ನನ್ನ ವಿದ್ಯೆ ಊಳಿಗ ಮಾಡೋದು ಬೇಡ."

ಅತ್ತೆ ಆ ಹಣ್ಣನ್ನು ಲಾರಿಯಲ್ಲಿ ಅಳುತ್ತಾ ತಿಂದರಂತೆ. "ಹಣ್ಣು ಮಾತ್ರ ಬಹಳ ಸಿಹಿಯಾಗಿತ್ತು ಕಣೆ," ಅಂತ ಈಗಲೂ ಹೇಳುತ್ತಾರೆ.

ಲಾರಿಯಲ್ಲಿ ಅವರು ಮೂವರೇ. ಯೊಮ್ ಮೇಷ್ಟ್ರು, ಅತ್ತೆ, ಯಂತ್ರ ನಡೆಸುತ್ತಿದ್ದ ಸೊ ಇಲ್‌ಮಾನ್. ಈ ಇಲ್‌ಮಾನ್ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಲಾರಿ ಓಡಿಸುತ್ತಿದ್ದದ್ದೂ ಅವರೇ. ಮೇಷ್ಟ್ರು ಅದಕ್ಕೆಲ್ಲ ಸೇರಿಸಿ ಮಾತಾಡುತ್ತಿದ್ದರು. ಜಪಾನಿನವರ ಕಾಲದಲ್ಲಿ ಥಿಯೇಟರಿನ ಹಿಂದುಗಡೆ ಯಾವಾಗಲೂ ಪೊಲೀಸಿನವನೊಬ್ಬ ಕುರ್ಚಿ ಹಾಕಿಕೊಂಡು ಕೂರುತ್ತಿದ್ದನಂತೆ. ಬ್ಯೊನ್ಸಾ ಏನು ಹೇಳುತ್ತಾನೆ ಅಂತ ಕಿವಿ ಕೊಟ್ಟು ಕೇಳುವುದೇ ಅವನ ಕೆಲಸ. ಪರದೆಯ ಮೇಲೆ ಚಳಿಗಾಲದ ಚಿತ್ರ ಬಂದಾಗ ಮೇಷ್ಟ್ರು ಒಮ್ಮೆ "ಎಂಥಾ ಚಳಿಯೂ ಒಂದಿನ ತಾನಾಗಿ ಮನೆಗೆ ಹೋಗಲೇಬೇಕು" ಅಂದುಬಿಟ್ಟರು. ಜನ ಚಪ್ಪಾಳೆ ಹೊಡೆದರು. ಮೂರು ದಿನ ಲಾಕಪ್ಪು, ಎರಡು ಹಲ್ಲು ಹೋದದ್ದು ಆಗಲೇ.

"ನಾನು ಹವಾಮಾನದ ಬಗ್ಗೆ ಹೇಳಿದ್ದು ಸ್ವಾಮಿ ಅಂದೆ. ನಂಬಲಿಲ್ಲ," ಅಂತ ಹೇಳಿ ಅವರು ಹಲ್ಲಿಲ್ಲದ ಸಂದಿಯಿಂದ ನಗುತ್ತಿದ್ದರು.

ಎರಡನೇ ವರ್ಷಕ್ಕೆ ಮೇಷ್ಟ್ರ ಎದೆ ಕಟ್ಟಿಕೊಂಡಿತು. ಇಡೀ ಚಿತ್ರ ಅತ್ತೆಯೇ ಹೇಳತೊಡಗಿದರು. ಆ ಕಡೆ ಹೆಣ್ಣು ಬ್ಯೊನ್ಸಾ ಅಂದರೆ ಅವರೊಬ್ಬರೇ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತು ತಪ್ಪು ಹುಡುಕುತ್ತಿದ್ದರು.

ಆ ವರ್ಷ ಅವರ ಹತ್ತಿರ ಇದ್ದ ಚಿತ್ರದಲ್ಲಿ, ದೂರ ಹೋದ ಗಂಡ ಏಳು ವರ್ಷದ ಮೇಲೆ ಊರಿಗೆ ಬರುತ್ತಾನೆ. ಹೆಂಡತಿ ಸತ್ತಿರುತ್ತಾಳೆ. ಸಮಾಧಿಯ ಮೇಲೆ ಬಿದ್ದು ಅವನು ಗೋಳಾಡುತ್ತಾನೆ, ಮುಗಿಯಿತು. ಮೂವತ್ತು ಊರುಗಳಲ್ಲಿ ಅತ್ತೆ ಹಾಗೇ ಹೇಳಿದ್ದರು. ಆಮೇಲೆ ಬೆಟ್ಟದ ಪಕ್ಕದ ಒಂದು ಹಳ್ಳಿಗೆ ಹೋದರು. ಅಂಗಳ ತುಂಬ ಹೆಂಗಸರು, ಎಲ್ಲರದೂ ಸಾವಿನ ಮನೆಯ ಬಿಳಿ ಲಂಗ, ಬಿಳಿ ಕುಪ್ಪಸ. ಗಂಡಸರು ಅಂದರೆ ಐದಾರು ಮುದುಕರು. ಬೆಟ್ಟ ಸೇರಿದ್ದ ಬಂಡುಕೋರರಿಗೂ ಸೈನ್ಯಕ್ಕೂ ನಡೆದ ಕಾಳಗದಲ್ಲಿ, ಆಮೇಲಿನ ಯುದ್ಧದಲ್ಲಿ ಆ ಊರಿನ ಗಂಡಸರು ಹೋದವರು ಹೋಗೇಬಿಟ್ಟಿದ್ದರು. ಸತ್ತ ಸುದ್ದಿ ಬಂದವರು ಕೆಲವರು, ಯಾವ ಸುದ್ದಿಯೂ ಇಲ್ಲದವರು ಹೆಚ್ಚು. ಗಂಡ ಬೇಲಿ ದಾಟಿ ಅಂಗಳಕ್ಕೆ ಬರುವ ಜಾಗದಲ್ಲಿ ಆ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಗಿಹಿಡಿದದ್ದು ಅತ್ತೆಗೆ ಕೇಳಿಸಿತು.

ಇವರಿಗೆ ಸಮಾಧಿ ತೋರಿಸುವುದು ಹೇಗೆ? ತೋರಿಸುವುದನ್ನು ತಡೆಯುವ ಹಾಗಿಲ್ಲ. ಅವನು ಆಗಲೇ ಮಣ್ಣಿನ ಗುಡ್ಡೆಯ ಮೇಲೆ ಬಿದ್ದಿದ್ದ. ಅತ್ತೆ ಬಾಯಿ ತೆರೆದರು.

"ಅವ್ವಾ! ಬಂದೆ ಕಣವ್ವಾ! ನೀನು ಕಣ್ಣು ಮುಚ್ಚೋವಾಗ ನಾನಿರಲಿಲ್ಲ. ನಿನ್ನ ಸೊಸೆ ಒಬ್ಬಳೇ ನಿನ್ನ ಮಣ್ಣು ಮಾಡಿದಳಂತೆ. ಅವಳು ತವರಿಗೆ ಹೋಗಿದಾಳಂತೆ, ನಾಡಿದ್ದು ಬರ್ತಾಳಂತೆ. ಅಲ್ಲೀವರೆಗೂ ನಿನ್ನ ಹತ್ರಾನೇ ಕೂತಿರ್ತೀನಿ..."

ಹೆಂಗಸರು ಅತ್ತರು. ಆದರೆ ಅತ್ತು ಎದ್ದಾಗ ಮುಖ ಹಗುರಾಗಿತ್ತು. ಒಬ್ಬಳು ಅಜ್ಜಿ ಬಂದು ಬಿಸಿ ಗೆಣಸು ಅತ್ತೆಯ ಮಡಿಲಿಗೆ ಹಾಕಿ, "ನಾಡಿದ್ದು ಅಂದ್ರೆ ಸಂತೆ ದಿನಾನೇ ಬರ್ತಾಳೆ ಅನ್ನು," ಅಂದಳು.

ಮೇಷ್ಟ್ರು ಲಾರಿಯೊಳಗೆ ತರಾಟೆಗೆ ತೆಗೆದುಕೊಂಡರು. "ತಲೆ ಕೆಟ್ಟಿದೆಯಾ? ಸತ್ತವಳನ್ನ ತವರಿಗೆ ಕಳಿಸಿದೆಯಲ್ಲ!"

"ನೀವು ಚಳೀನ ಮನೆಗೆ ಕಳಿಸಿದಿರಿ. ನಾನು ಒಬ್ಬ ಹೆಂಗಸನ್ನ ಕಳಿಸಬಾರದಾ?"

ಮೇಷ್ಟ್ರು ಕಂಬಳಿ ಎಳೆದುಕೊಳ್ಳುತ್ತಾ, "ಲಾಕಪ್ಪಿಗೆ ಹಾಕೋರು ಯಾರೂ ಇಲ್ಲ ಅಂತ ನಿಂಗೆ ಧೈರ್ಯ," ಅಂದರು.

ಲಾಕಪ್ಪಿಗಿಂತ ಕಷ್ಟವಾದದ್ದು ಗುರ್ಯೆಯ ಸಂತೆ. ಐದು ದಿನಕ್ಕೊಮ್ಮೆ ಸೇರುವ ಸಂತೆಯಲ್ಲಿ ಆ ಹಳ್ಳಿಯ ಹೆಂಗಸರೂ ಹೊಳೆಯಾಚೆಯ ಹಳ್ಳಿಯ ಹೆಂಗಸರೂ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಅಕ್ಕಪಕ್ಕ ಕೂತಿದ್ದರು. ಸಿನಿಮಾದ ಮಾತು ಬಂತು.

"ಪಾಪ, ಕೊನೇಲಿ ಸತ್ತೇಹೋದಳು."

"ಯಾರು ಸತ್ತಿದ್ದು? ತವರಿಗೆ ಹೋಗಿದ್ದಾಳೆ!"

"ಸಮಾಧಿ ನೋಡಿಲ್ವೇನೆ ನೀನು?"

"ಅದು ಅತ್ತೇದು. ನೀನು ಕಣ್ಣು ಮುಚ್ಕೊಂಡು ಸಿನಿಮಾ ನೋಡಿದ್ಯಾ?"

ಬುಟ್ಟಿ ಉರುಳಿ, ಮೂಲಂಗಿ ಹಾರಿ, ಕೊನೆಗೆ ಎರಡೂ ಊರಿನವರು ಮೆರವಣಿಗೆ ಹೊರಟು, ಸಂತೆಯ ಮೂಲೆಯಲ್ಲಿ ಬಿಸಿ ಸಾರು ಕುಡಿಯುತ್ತಿದ್ದ ಅತ್ತೆಯ ಮುಂದೆ ಬಂದು ನಿಂತರು. "ನೀನೇ ಹೇಳಮ್ಮ. ಸತ್ತಳೋ, ಇದ್ದಾಳೋ?"

ಅತ್ತೆ ಚಮಚ ಕೆಳಗಿಟ್ಟರು. ಹೊಳೆಯಾಚೆಯವರ ಕಡೆ ತಿರುಗಿ ಹೇಳಿದರು. "ನಿಮ್ಮೂರಿಗೆ ಬಂದಾಗ ನಂಗೂ ಪೂರ್ತಿ ಕಥೆ ಗೊತ್ತಿರಲಿಲ್ಲ ಅಕ್ಕಾ. ಅವಳು ಸತ್ತಳು ಅಂತ ಅಕ್ಕಪಕ್ಕದೋರು ಹಬ್ಬಿಸಿದ್ದು. ಆಮೇಲೆ ಸರಿಯಾಗಿ ವಿಚಾರಿಸಿದೆ."

ಹೊಳೆಯಾಚೆಯ ಹಿರಿಯ ಹೆಂಗಸು, "ಹಂಗಾದ್ರೆ ನಮ್ಮೂರಿಗೆ ಇನ್ನೊಂದು ಸಲ ಬಂದು ಸರಿಯಾಗಿ ಹೇಳು," ಅಂದಳು. ಹೋದರು, ಹೇಳಿದರು. ಆ ಚಳಿಗಾಲವಿಡೀ ಹೆಂಡತಿ ಬದುಕಿದ್ದಳು.

ಇಲ್‌ಮಾನ್ ಅವರ ಕಡೆಗೆ ಅತ್ತೆಯ ಕಣ್ಣು ಹೋದದ್ದೂ ಆ ಚಳಿಗಾಲದಲ್ಲೇ. ಸಮಾಧಿಯ ದೃಶ್ಯ ಬಹಳ ಚಿಕ್ಕದು. ಅಷ್ಟು ಉದ್ದದ ಮಾತು ಅದರಲ್ಲಿ ಹಿಡಿಸುತ್ತಿರುವುದು ಹೇಗೆ ಅಂತ ಅತ್ತೆಗೆ ಒಂದು ದಿನ ಅನುಮಾನ ಬಂತು. ಯಂತ್ರ ಒರೆಸುತ್ತಿದ್ದವರನ್ನು ಹೋಗಿ ಕೇಳಿದರು.

"ಇಲ್‌ಮಾನ್ ಅವ್ರೇ, ಆ ಜಾಗದಲ್ಲಿ ನೀವೇನಾದ್ರೂ ಮಾಡ್ತೀರಾ?"

"ಹೂಂ. ವೇಗ ತಗ್ಗಿಸ್ತೀನಿ."

"ಯಾವಾಗಿಂದ?"

"ಮೊದಲನೇ ದಿನದಿಂದ. ನೀವು ಉಸಿರು ತಗೊಳ್ಳೋ ಕಡೆಯೆಲ್ಲ."

"ಹೇಳೇ ಇಲ್ವಲ್ಲ!"

"ನೀವು ಕೇಳಲಿಲ್ಲ."

ಅದು ಅವರ ಆ ದಿನದ ಹತ್ತು ಮಾತಿಗಿಂತ ಹೆಚ್ಚಾಗಿತ್ತು. ಬೇಸಿಗೆಗೆ ಇಬ್ಬರ ಮದುವೆಯಾಯಿತು. ಯೊಮ್ ಮೇಷ್ಟ್ರು ಕಂಬಳಿ ಸಮೇತ ಬಂದು ಆಶೀರ್ವಾದ ಮಾಡಿದರು. ಮುಂದಿನ ವರ್ಷ, ಮಗಳ ಮನೆಯಲ್ಲಿ, ನೆಮ್ಮದಿಯಾಗಿ ಹೋದರು.

ನೋಡುತ್ತ ನೋಡುತ್ತ ನಮ್ಮ ಕಡೆಯ ಹಳ್ಳಿಗಳಿಗೂ ಮಾತನಾಡುವ ಚಿತ್ರಗಳು ಬಂದವು. ಬ್ಯೊನ್ಸಾ ಬೇಕು ಅನ್ನುವವರೇ ಇಲ್ಲವಾಯಿತು. ಗಂಡಹೆಂಡತಿ ಲಾರಿ ಮಾರಿ ಸೋಲ್‌ಗೆ ಹೋದರು. ಚುಂಗ್‌ಮುರೊ ಬೀದಿ ಪೂರ್ತಿ ಸಿನಿಮಾದವರದ್ದೇ ಆಗಿದ್ದ ಕಾಲ. ಆಗ ಚಿತ್ರೀಕರಣದಲ್ಲಿ ದನಿ ಹಿಡಿಯುತ್ತಿರಲಿಲ್ಲ. ಮುಖ ಒಬ್ಬರದು, ದನಿ ಇನ್ನೊಬ್ಬರದು. ಹೊರಗಿನ ಸದ್ದು ಬಾರದ ಹಾಗೆ ಗೋಡೆಗೆ ಕಂಬಳಿ ಹೊಡೆದ ಸಣ್ಣ ಕೋಣೆಯಲ್ಲಿ ಏಳೆಂಟು ಜನ ಒಂದೇ ಮೈಕಿನ ಸುತ್ತ ನಿಂತು, ಪರದೆಯ ತುಟಿ ನೋಡಿಕೊಂಡು ಮಾತು ಕೂರಿಸಬೇಕು. ಪೇಟೆಯ ನಾಜೂಕು ಮಾತು ಅತ್ತೆಗೆ ಬರಲಿಲ್ಲ. ಹಾಗಾಗಿ ನಮ್ಮ ಸೀಮೆಯ ಅಡುಗೆಯವಳು, ಸೂಲಗಿತ್ತಿ, ನಾಯಕನ ಹಳ್ಳಿಯ ತಾಯಿ, ಇವರಿಗೆಲ್ಲ ಅತ್ತೆಯೇ ದನಿ. ಇಪ್ಪತ್ತೈದು ವರ್ಷದ ಹೆಂಗಸು ಎಪ್ಪತ್ತರ ಮುದುಕಿಯರಿಗೆ ಮಾತು ಕೊಡುತ್ತಿದ್ದರು.

ಒಂದು ಚಿತ್ರದಲ್ಲಿ ಮಗ ಪಟ್ಟಣಕ್ಕೆ ಹೊರಟಿದ್ದಾನೆ. ತಾಯಿ ಬಾಗಿಲಲ್ಲಿ ನಿಂತಿದ್ದಾಳೆ, ಕ್ಯಾಮೆರಾಕ್ಕೆ ಬೆನ್ನು. ಬರೆದಿದ್ದ ಮಾತು ಒಂದೇ: "ಹೋಗಿ ಬಾ." ಅತ್ತೆ ಹೇಳಿದರು, ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. "ಹೋಗಿ ಬಾ. ಬುತ್ತೀಲಿ ತಳ ಹಿಡಿದ ಅನ್ನದ ಚಕ್ಕೆ ಇಟ್ಟಿದ್ದೀನಿ. ಬಸ್ಸಲ್ಲಿ ತಿನ್ನು. ಜನ ನೋಡ್ತಾರೆ ಅಂತ ನಾಚ್ಕೋಬೇಡ."

ನಿರ್ದೇಶಕ ಕೋಣೆಯೊಳಗೆ ನುಗ್ಗಿ ಬಂದ. "ಯಾರು ಹೇಳಿದ್ದು ಅಷ್ಟೆಲ್ಲ ಹೇಳೋಕೆ?"

"ಬೆನ್ನು ತಿರುಗಿಸಿ ನಿಂತಿದ್ದಾರಲ್ಲ ಸಾರ್, ತುಟಿ ಕಾಣಲ್ಲ. ಜಾಗ ಖಾಲಿ ಇತ್ತು."

ಅವನು ಬೈಯಲು ಬಾಯಿ ತೆರೆದವನು, ಮೈಕಿನ ಸುತ್ತ ನಿಂತಿದ್ದ ಮಿಕ್ಕವರ ಕಣ್ಣು ನೋಡಿದ. ಎಲ್ಲರ ಕಣ್ಣೂ ಒದ್ದೆ. "ಇರಲಿ ಬಿಡಿ," ಅಂದು ಹೊರಗೆ ಹೋದ.

ಆ ಚಿತ್ರ ನಮ್ವೊನ್ ಊರಿನ ಥಿಯೇಟರಿಗೆ ಬಂದಾಗ ಅತ್ತೆ ರೈಲು ಹತ್ತಿ ಹೋದರು. ನೇರ ಬಾಂಗ್ ಗುರುಗಳ ಮನೆಗೆ. ಹತ್ತು ವರ್ಷವಾಗಿತ್ತು ನೋಡಿ. ಗುರುಗಳಿಗೆ ಎಪ್ಪತ್ತು, ಶಿಷ್ಯೆಯರು ಇಬ್ಬರೇ ಉಳಿದಿದ್ದರು. ಅತ್ತೆ ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿ, "ನನ್ನ ಜೊತೆ ಒಂದು ಕಡೆ ಬರಬೇಕು," ಅಂದರು.

"ನೆರಳು ನೋಡೋಕಾ?"

"ನೋಡೋದು ಬೇಡ ಗುರುಗಳೇ. ಕಣ್ಣು ಮುಚ್ಚಿಕೊಂಡು ಕೂತ್ಕೊಳ್ಳಿ. ಕೇಳಿದ್ರೆ ಸಾಕು."

ಏನನ್ನಿಸಿತೋ, ಬಂದರು. ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ಕೂತರು. ಜನ ಕಡಲೆಕಾಯಿ ಸುಲಿಯುವ ಸದ್ದು, ಸಿಗರೇಟಿನ ಹೊಗೆ, ಇದಕ್ಕೆಲ್ಲ ಮುಖ ಗಂಟಿಕ್ಕಿಕೊಂಡು ಒಂದು ಗಂಟೆ ಕೂತರು. ಆ ತಾಯಿ ಬಾಗಿಲಿಗೆ ಬಂದಳು. "ಜನ ನೋಡ್ತಾರೆ ಅಂತ ನಾಚ್ಕೋಬೇಡ" ಅನ್ನುವುದು ಮುಗಿದ ಗಳಿಗೆಯಲ್ಲಿ, ತುಂಬಿದ ಥಿಯೇಟರಿನಲ್ಲಿ, ಗುರುಗಳ ಕೈ ತಮ್ಮ ಮೊಣಕಾಲನ್ನು ಡೋಲಿನ ಹಾಗೆ ತಟ್ಟಿತು. "ಭಲೇ!" ಅಂದರು ಗಟ್ಟಿಯಾಗಿ. ಮುಂದಿನ ಸಾಲಿನವರು ತಿರುಗಿ ನೋಡಿದರು. ಅವರಲ್ಲೊಬ್ಬ ಮುದುಕನೂ "ಭಲೇ!" ಅಂದ.

ಹೊರಗೆ ಬಂದು ಚಿಲುಮೆ ಹಚ್ಚಿಕೊಂಡ ಮೇಲೆ ಗುರುಗಳು ಹೇಳಿದರು. "ಎರಡನೇ ಮಾತಲ್ಲಿ ಉಸಿರು ಕದ್ದಿದ್ದೀಯ."

"ಹೂಂ ಗುರುಗಳೇ."

"ಮಿಕ್ಕಿದ್ದು ಸರಿಯಾಗಿದೆ." ಸ್ವಲ್ಪ ದೂರ ನಡೆದು, "ಬರೀ ಮಾತು ಕೇಳೋಕೆ ಯಾರು ಬರ್ತಾರೆ ಅಂದಿದ್ದೆ. ತಪ್ಪು ಹೇಳಿದ್ದೆ. ಎಷ್ಟು ಜನ ಇದ್ದರು ಒಳಗೆ!"

ಅವತ್ತು ಗುರುಗಳ ಮನೆಯಲ್ಲೇ ಊಟ. ತಮ್ಮ ಬಟ್ಟಲಿನ ಮೀನನ್ನು ಅವರು ತಾವೇ ಅತ್ತೆಯ ಬಟ್ಟಲಿಗೆ ಹಾಕಿದರಂತೆ.

ನನ್ನ ಗಂಡ ಹೊಟ್ಟೆಯಲ್ಲಿದ್ದಾಗ ಅವರು ಸೋಲ್ ಬಿಟ್ಟರು. ಮುಚ್ಚಿದ ಕೋಣೆಯ ಧೂಳು ಅತ್ತೆಗೆ ಕೆಮ್ಮು ತರಿಸುತ್ತಿತ್ತು, ಮಾವನಿಗೆ ಹೊಳೆ ಬೇಕಿತ್ತು. ಗುರ್ಯೆಯ ಟಾಕೀಸಿನಲ್ಲಿ ಮಾವನಿಗೆ ಯಂತ್ರದ ಕೆಲಸ ಸಿಕ್ಕಿತು. ಅತ್ತೆ ಈ ಹೋಟೆಲು ತೆರೆದರು. ಟಾಕೀಸು ಮುಚ್ಚುವ ತನಕ, ಮಧ್ಯಾಹ್ನದ ಆಟ ಬಿಟ್ಟ ಮೇಲೆ, ಮಾವ ನಮ್ಮ ಹಿಂದಿನ ಬೆಂಚಿನಲ್ಲಿ ಕೂತು ಸದ್ದಿಲ್ಲದೆ ಸಾರು ಕುಡಿಯುತ್ತಿದ್ದರು. ಒಂಬತ್ತು ವರ್ಷದ ಹಿಂದೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅತ್ತೆ ಅತ್ತರು, ಆಮೇಲೆ ಅವರ ಬಗ್ಗೆ ಮಾತಾಡಿದರು, ಈಗಲೂ ಮಾತಾಡುತ್ತಾರೆ. ಅವರು ಆಡದೆ ಉಳಿಸಿದ ಮಾತೆಲ್ಲ ತಮ್ಮ ಪಾಲಿಗೆ ಬಂದಿದೆ ಅಂತ ನಗುತ್ತಾರೆ.

ಹೋದ ವಸಂತದಲ್ಲಿ, ಹಳದಿ ಹೂವಿನ ಮರಗಳು ಅರಳಿದ್ದಾಗ, ಕಾಲೇಜಿನ ಐದು ಹುಡುಗಿಯರು ಕ್ಯಾಮೆರಾ ಹೊತ್ತುಕೊಂಡು ಬಂದು ನಮ್ಮ ಹೋಟೆಲಿನಲ್ಲಿ ಚಿಕ್ಕ ಚಿತ್ರ ತೆಗೆಯುತ್ತೇವೆ ಅಂದರು. ಅವರಿಗೊಬ್ಬಳು ಅಜ್ಜಿ ಬೇಕಿತ್ತು. ನಿರ್ದೇಶಕಿ ಸೋಲ್ಬಿ ಅನ್ನುವ ಇಪ್ಪತ್ತೆರಡರ ಹುಡುಗಿ, ಕೆಂಪು ಬಣ್ಣದ ಕೂದಲು.

"ಅಜ್ಜೀ, ನೀವು ಸುಮ್ಮನೆ ಕಿಟಕಿ ಹತ್ರ ಕೂತಿದ್ರೆ ಸಾಕು. ಮಾತಿಲ್ಲ."

"ಮಾತಿಲ್ವಾ? ನನ್ನ ಮುಖ ತಗೊಂಡು ಏನು ಮಾಡ್ತೀಯಾ ಮಗಳೇ? ಒಣಗಿದ ಮೂಲಂಗಿ ಹಂಗಿದೆ."

"ಆ ಮುಖಾನೇ ಬೇಕು ಅಜ್ಜೀ."

ಅತ್ತೆ ತಬ್ಬಿಬ್ಬಾದರು. ಅರವತ್ತು ವರ್ಷ ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ. ನನ್ನನ್ನು ಒಳಗೆ ಕರೆದು, ನನ್ನ ಲಿಪ್‌ಸ್ಟಿಕ್ ಕೇಳಿ ಇಸಿದುಕೊಂಡು, ಹಚ್ಚಿಕೊಂಡು, ಆಮೇಲೆ ಒರೆಸಿಕೊಂಡರು. ಕಿಟಕಿಯ ಹತ್ತಿರ ಕೂತರು. ಬೆಳಕು ಕೆನ್ನೆಯ ಮೇಲೆ ಬಿದ್ದಿತ್ತು. ಎರಡು ನಿಮಿಷ ಬಾಯಿ ಬಿಗಿದುಕೊಂಡು ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಗಿಯಿತು ಅಂದ ತಕ್ಷಣ ಎದ್ದು, "ಸುಮ್ಮನಿರೋದೇ ದೊಡ್ಡ ಕೆಲಸ ಕಣೆ, ನಿಮ್ಮ ಮಾವ ಹೇಗೆ ಮಾಡ್ತಿದ್ರೋ," ಅಂದರು.

ಹುಡುಗಿಯರಿಗೆಲ್ಲ ಸಾರು ಬಡಿಸಿದರು. ಅವರು ಉಣ್ಣುತ್ತಾ ಉಣ್ಣುತ್ತಾ ಕಥೆ ಕೇಳಿದರು, ಕೊನೆಯ ಬಸ್ಸು ತಪ್ಪಿಸಿಕೊಂಡರು, ನಮ್ಮ ಮನೆಯ ಬೆಚ್ಚನೆ ನೆಲದ ಮೇಲೆ ಸಾಲಾಗಿ ಮಲಗಿದರು. ಸೋಲ್ಬಿ ಈಗ ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ಅತ್ತೆ ಮೊದಲು ಊಟ ಆಯಿತಾ ಅಂತ ಕೇಳುತ್ತಾರೆ. ಆಗಿಲ್ಲ ಅಂದರೆ, ಫೋನ್ ಇಟ್ಟು ಹೋಗಿ ಉಂಡು ಬಾ, ನಾನು ಕಾಯ್ತೀನಿ ಅನ್ನುತ್ತಾರೆ.